ಹಿತ್ತಿಲಲ್ಲಿ ಓಡಿದ ಕುರ್ಚಿಗಳು

ಹತ್ತಿಯಕ್ಕನನ್ನು ನಮ್ಮ ಓಣಿಯಲ್ಲಿ ಅರಿಯದವರಿಲ್ಲ. ಹಳೆಯ ಹಾಸಿಗೆ ಬಿಚ್ಚಿ, ಗಂಟುಗಟ್ಟಿದ ಹತ್ತಿಯನ್ನು ಹಿಂಜಿ, ಮತ್ತೆ ತುಂಬಿ ಹೊಲಿಯುವುದು ಅವಳ ಕಸುಬು. ಹುಬ್ಬಿನಲ್ಲಿ ಸದಾ ಹತ್ತಿಯ ಎಳೆ. ಗಂಡ ಸತ್ತ ಮೇಲೆ ಇಬ್ಬರು ಹೆಣ್ಣುಮಕ್ಕಳನ್ನು ದಡ ಸೇರಿಸಿದ್ದು ಆ ಕೈಗಳೇ. ಅದೇ ದುಡಿಮೆಯಲ್ಲಿ ನಾಲ್ಕು ಸ್ಟೀಲ್ ಕುರ್ಚಿ, ಒಂದು ಟಿ.ವಿ. ಕೊಂಡಿದ್ದಳು. ಓಣಿಯಲ್ಲಿ ಬೇರೆ ಯಾರಿಗೂ ಅಷ್ಟು ಸಿರಿ ಇರಲಿಲ್ಲ. ಯಾರ ಮನೆಗೆ ಬೀಗರು ಬಂದರೂ ಕುರ್ಚಿ ಅವಳಲ್ಲಿಂದಲೇ ಹೋಗಬೇಕು.

ಓಣಿಯ ಮೇಲೆ ಹೆದ್ದಾರಿ ಹಾಯುತ್ತದೆಂದು ಸುದ್ದಿಯಾಯಿತು. ಸಾಲ ಕೊಡುವುದು ಕಡಲಾಚೆಯ ದೊಡ್ಡ ಬ್ಯಾಂಕು. ಬಡವರ ಮನೆ ಕೆಡವಿದರೆ ಬದಲಿ ಮನೆ ಕಟ್ಟಿಕೊಡಬೇಕೆಂದು ಅದರ ಷರತ್ತಂತೆ. ಆ ಷರತ್ತನ್ನು ನಮಗೆ ಯಾರೂ ಹೇಳಲಿಲ್ಲ. ಬ್ಯಾಂಕಿನ ದೊಡ್ಡವರು ಮನೆಮನೆ ನೋಡಲು ಬರುತ್ತಾರೆ ಎಂದಷ್ಟೇ ತಿಳಿದದ್ದು.

ಪರದೇಶದವರ ಮುಂದೆ ಮಾನ ಕಳೆದುಕೊಳ್ಳುವುದೇ? ಗೋಡೆಗಳಿಗೆ ಸುಣ್ಣ ಬಿತ್ತು. ಅವರು ಒಂದು ಮನೆಯ ಮುಂಬಾಗಿಲಿನಿಂದ ಹೊರಬೀಳುವಷ್ಟರಲ್ಲಿ ಹತ್ತಿಯಕ್ಕನ ಕುರ್ಚಿ, ಟಿ.ವಿ. ಹಿತ್ತಿಲಿನಿಂದ ಮುಂದಿನ ಮನೆ ಸೇರುತ್ತಿದ್ದವು.

"ಮೆಲ್ಲಗೆ ಹಿಡಿಯೋ, ಅದು ಟಿ.ವಿ., ಸಿಮೆಂಟ್ ಮೂಟೆ ಅಲ್ಲ" ಎಂದು ಅವಳು ಪಕ್ಕದ ಮನೆಯ ಗಾರೆಯವನನ್ನು ಗದರಿದಳು.

"ಏನಕ್ಕಾ, ದಿನಾ ನಾವು ಟಿ.ವಿ. ನೋಡ್ತಿದ್ವಿ. ಇವತ್ತು ಟಿ.ವಿ.ನೇ ನಮ್ಮನ್ನೆಲ್ಲಾ ನೋಡ್ಕೊಂಡ್ ಬಂತು."

ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಅನ್ನುವ ಗಾದೆ ನಮ್ಮನ್ನು ಕಂಡೇ ಹುಟ್ಟಿರಬೇಕು. ತಿಂಗಳೊಪ್ಪತ್ತಿನಲ್ಲಿ ತೀರ್ಪು ಬಂತು: ಮನೆಮನೆಯಲ್ಲೂ ಕುರ್ಚಿ, ಟಿ.ವಿ. ಇವೆ, ಓಣಿಯವರೆಲ್ಲ ಅನುಕೂಲಸ್ಥರು, ಬದಲಿ ಮನೆ ಯಾರಿಗೂ ಇಲ್ಲ.

ಅಹವಾಲು ಕೇಳಲು ಬ್ಯಾಂಕಿನ ಅಧಿಕಾರಿ ದುಭಾಷಿಯೊಂದಿಗೆ ಶಾಲೆಯ ಕೋಣೆಗೆ ಬಂದ. ಹತ್ತಿಯಕ್ಕ ಏಳುವಾಗ ಗಾರೆಯವನ ಹೆಂಡತಿ ಸೆರಗು ಜಗ್ಗಿದಳು.

"ನಿಜ ಹೇಳಿದ್ರೆ ನಮಗೆ ಮನೆ ಸಿಗುತ್ತೆ, ನಿನಗೆ ಸಿಗಲ್ಲ ಕಣಕ್ಕಾ. ಕುರ್ಚಿ ಬಾಡಿಗೆದು ಅಂದ್ಬಿಡು."

"ಬೆವರು ಸುರಿಸಿ ಕೊಂಡಿದ್ದನ್ನ ಬಾಡಿಗೆದು ಅನ್ಲಾ? ಒಂದ್ಸಲ ಸುಳ್ಳಾಡಿ ಇಡೀ ಓಣೀನೇ ಬೀದಿಗೆ ತಂದಿದೀವಿ, ಸಾಲ್ದಾ?"

ಎದ್ದು ನಿಂತು ಹೇಳಿದಳು: "ಸ್ವಾಮಿ, ನೀವು ಎಲ್ಲಾ ಮನೆಯಲ್ಲೂ ಕೂತಿದ್ದು ನನ್ನ ಕುರ್ಚಿ ಮೇಲೇನೇ."

ದುಭಾಷಿ ನಕ್ಕ. ಅಧಿಕಾರಿ ನಗಲಿಲ್ಲ. ಇನ್ನೊಮ್ಮೆ ಮನೆಗಳನ್ನು ನೋಡಲು ಒಪ್ಪಿದ.

ಎರಡನೆಯ ಸಲ ಎಲ್ಲರ ಬಡತನವೂ ಕಂಡಿತು, ಎಲ್ಲರಿಗೂ ಮನೆಯಾಯಿತು. ಹತ್ತಿಯಕ್ಕನಿಗೆ ಆಗಲಿಲ್ಲ. ಅಧಿಕಾರಿ ಕೆಟ್ಟವನಲ್ಲ, ತಲೆತಗ್ಗಿಸಿಯೇ ಹೇಳಿ ಹೋದ. ಕುರ್ಚಿ, ಟಿ.ವಿ. ಇದ್ದವರು ಬಡವರಲ್ಲ ಎಂಬ ನಿಯಮ ಬರೆದವರು ಅವನ ಕಣ್ಣಿಗೂ ಕಾಣದಷ್ಟು ದೂರದಲ್ಲಿದ್ದರು. ಹತ್ತಿ ಬಡಿದು ಬಡಿದು ಅವಳಿಗೆ ಹತ್ತಿದ ಕೆಮ್ಮು ಆ ನಿಯಮದೊಳಗೆ ಎಲ್ಲಿ ಬರಬೇಕು?

ಹೊಸ ಮನೆಗಳಿಗೆ ಹೋದಾಗ ಗಾರೆಯವನು ಅವಳನ್ನೂ ಕರೆದೊಯ್ದ. ಅವನ ಜಗಲಿಯಲ್ಲೇ ಅವಳ ಕೆಲಸ, ಅಲ್ಲೇ ನಿದ್ದೆ. ತಪಾಸಣೆಗೆ ಬಂದ ಬ್ಯಾಂಕಿನವರು, ಈಕೆ ಯಾರು ಎಂದು ದುಭಾಷಿಯಿಂದ ಕೇಳಿಸಿದರು.

"ನಮ್ಮತ್ತಿಗೆ" ಎಂದಳು ಗಾರೆಯವನ ಹೆಂಡತಿ.

"ಅಲ್ಲ ಸ್ವಾಮಿ" ಎಂದಳು ಹತ್ತಿಯಕ್ಕ, ಹಿಂಜುವ ಕೈ ನಿಲ್ಲಿಸದೆ. "ನಾನು ಪಕ್ಕದ ಮನೆಯವಳು. ಆ ಮನೆ ಒಂದನ್ನ ನೀವು ಕಟ್ಟಲಿಲ್ಲ."

ಅವರು ತಿರುಗಿ ನೋಡಿದರು. ಪಕ್ಕದ ಖಾಲಿ ಜಾಗದಲ್ಲಿ ಗಾರೆಯವನು ಲುಂಗಿ ಎತ್ತಿಕಟ್ಟಿ, ಅಡಿಪಾಯಕ್ಕೆ ದಾರ ಹಿಡಿಯುತ್ತಿದ್ದ.