ಹಿಂಬಾಗಿಲಿಲ್ಲದ ಮನೆಗಳು

ಗಿರಿಜಕ್ಕ, ಆ ಮಾತನ್ನು ನೀವು ನನಗೆ ಎಲ್ಲಿ ಹೇಳಿದಿರಿ ಎಂಬುದು ಈಗ ನನಗೆ ಖಚಿತವಿಲ್ಲ. ಮುಂಬಯಿ ಬಳಿಯ ಠಾಣೆ ರೈಲು ಸ್ಟೇಷನ್ನಿನ ಸೇತುವೆಯ ಮೇಲೋ, ಮಹಾಪೆಯ ನಮ್ಮ ಆಫೀಸಿನಲ್ಲಿ ಊಟದ ಹೊತ್ತಿಗೋ — ನಡುವೆ ಕೆಲವು ವರ್ಷ, ನೀವು ಹೇಳಿಯೇ ಇರಲಿಲ್ಲ ಎಂದೂ ನಂಬಿದ್ದೆ. ಆದರೆ ಎಲ್ಲರೆದುರು ‘ನನಗೆ ಯಾರೂ ಹೇಳಿಲ್ಲ’ ಎಂದವನು ನಾನು. ಅದರಿಂದ ನಿಮ್ಮ ಕೆಲಸ ಹೋಯಿತು. ಇಷ್ಟರಲ್ಲಿ ಸಂಶಯವಿಲ್ಲ.

ಉತ್ತರ ಶ್ರೀಲಂಕೆಯ ಆ ಊರಿನಲ್ಲಿ, ಯುದ್ಧದಲ್ಲಿ ಮನೆ ಕಳೆದುಕೊಂಡು ಶಿಬಿರಗಳಿಂದ ಮರಳಿದವರಿಗೆ ನಮ್ಮ ಆಫೀಸು ಮನೆಗಳ ನಕ್ಷೆ ಮಾಡುತ್ತಿತ್ತು. ನೀವು ಅಲ್ಲಿಗೆ ಹೋಗಿ ಜನರನ್ನು ಕೇಳಿ ಬಂದು ವರದಿ ಬರೆಯುವವರು. ನಾನು ಇಲ್ಲಿ ಕುಳಿತು ಗೆರೆ ಎಳೆಯುವವನು. ಜಾಗ ಕಿರಿದು. ನಾನು ಮನೆಗಳನ್ನು ಬೆನ್ನಿಗೆ ಬೆನ್ನು ಹಚ್ಚಿ, ಎರಡು ಮನೆಗೆ ಒಂದೇ ಹಿಂಗೋಡೆ ಮಾಡಿದೆ. ಎಲ್ಲರಿಗೂ ಮನೆ ಸಿಕ್ಕಿತು. ಸಾಹೇಬರು ಬೆನ್ನು ತಟ್ಟಿದರು.

ನೀವು ಮಾತ್ರ ಒಪ್ಪಲಿಲ್ಲ. ನನ್ನ ನೆನಪಿನಲ್ಲಿ ಉಳಿದಿರುವಂತೆ —

“ಪ್ರಸಾದ, ಆ ಮಂದಿಗೆ ಹಿಂದೊಂದು ಬಾಗಲಾ ಬೇಕಂತ. ಇಲ್ಲಂದ್ರ ಒಳಗ ಮಲಗಂಗಿಲ್ಲ ಅಂತಾರ. ಬಂದೂಕಿನವರು ಮುಂದಿನ ಬಾಗಲಕ್ಕ ಬಂದಾಗ ಹಿಂದಿನಿಂದ ಓಡಿ ಉಳಿದವರು ಅವರು.”

“ಅಕ್ಕ, ನಮ್ಮ ಡೊಂಬಿವ್ಲಿಯಲ್ಲಿ ಯಾರ ಫ್ಲ್ಯಾಟಿಗುಂಟು ಎರಡು ಬಾಗಿಲು? ನಾವು ಬದುಕ್ಲಿಲ್ವಾ?”

“ನಿಮ್ಮ ಬಿಲ್ಡಿಂಗಿನ್ಯಾಗ ಮಂದಿ ಓಡೂದು ಬರೇ ಲೋಕಲ್ ಟ್ರೇನ್ ಹಿಡ್ಯಾಕ, ತಮ್ಮಾ!”

ಇಬ್ಬರೂ ನಕ್ಕೆವು. ನಕ್ಕೆವೇ? ಬಹುಶಃ ನಾನೊಬ್ಬನೇ ನಕ್ಕೆ.

ಮನೆಗಳು ಎದ್ದವು, ಕೀಲಿ ಕೊಟ್ಟದ್ದೂ ಆಯಿತು. ಕೆಲವು ತಿಂಗಳಿಗೆ ಅಲ್ಲಿಂದ ಫೋಟೋ ಬಂತು. ಹೊಸ ಮನೆಯೊಳಗೆ ಪಾತ್ರೆ, ಅಕ್ಕಿಚೀಲ. ಜನ ಹೊರಗೆ, ಅಂಗಳದ ಟಾರ್ಪಾಲಿನ ಕೆಳಗೆ. ಒಬ್ಬ ಮುದುಕಿ ಬಾಗಿಲಿನತ್ತ ಮುಖ ಮಾಡಿ ಚಾಪೆಯ ಮೇಲೆ ಕುಳಿತಿದ್ದಳು.

ಸಾಹೇಬರು ಎಲ್ಲರನ್ನೂ ಕೂರಿಸಿ, ಹಿಂಬಾಗಿಲಿನ ವಿಷಯ ಯಾರೂ ಹೇಳಲಿಲ್ಲವೇ ಎಂದು ಮರಾಠಿಯಲ್ಲಿ ಕೇಳಿದರು. ನೀವು ಬಾಯಿ ತೆರೆಯುವ ಮೊದಲೇ ನಾನು ಹೇಳಿಬಿಟ್ಟೆ — ಯಾರೂ ಹೇಳಿಲ್ಲ, ಸರ್. ನೀವು ನನ್ನ ಕಡೆ ತಿರುಗಿ, ಆ ಕೋಣೆಯಲ್ಲಿ ನನ್ನೊಬ್ಬನಿಗೇ ಅರ್ಥವಾಗುವ ಭಾಷೆಯಲ್ಲಿ ಕೇಳಿದಿರಿ:

“ಹೌದೇನೋ?”

ನಾನು ಲ್ಯಾಪ್‌ಟಾಪ್ ನೋಡಿದೆ. ನೀವು ನನಗೆ ಬಾಯಲ್ಲಿ ಹೇಳಿದ್ದು ವರದಿಯಲ್ಲಿರಲಿಲ್ಲ; ಮುಖ್ಯ ವಿಷಯ ಬಿಟ್ಟದ್ದು ನಿಮ್ಮ ತಪ್ಪು ಎಂದು ತೀರ್ಮಾನವಾಯಿತು. ತಿಂಗಳ ಕೊನೆಗೆ ನೀವು ವಿಠ್ಠಲವಾಡಿಯ ನಿಮ್ಮ ಮನೆಯಲ್ಲೇ ಉಳಿದಿರಿ. ನಾನು ಫೋನು ಮಾಡಲಿಲ್ಲ.

ಅಂದಿನಿಂದ ಆಫೀಸಿನಲ್ಲಿ ಕನ್ನಡ ನಿಂತಿತು. ನೀವು ಜೋಳದ ರೊಟ್ಟಿಯ ಗಂಟು ಬಿಚ್ಚುತ್ತಿದ್ದ ಮೇಜಿನಲ್ಲಿ ನಾನೊಬ್ಬನೇ ಕೂರುತ್ತಿದ್ದೆ. ಯಾರಾದರೂ ಎದುರು ಬಂದು ಕುಳಿತರೆ ಬೇಗ ಏಳುತ್ತಿದ್ದೆ. ಅಮ್ಮ ಹೋದ ಮೇಲೆ ಮನೆಯಲ್ಲೂ ಮಾತಿಲ್ಲ. ಒಂದೊಂದು ದಿನ, ಟ್ರೈನಿನಲ್ಲಿ ಪಕ್ಕದವನಿಗೆ ತುಸು ಸರಿದು ಕೂರಲು ‘ಸರಕ್‌ನಾ ಭಾಯಿ’ ಎಂದದ್ದೇ ಆ ದಿನದ ನನ್ನ ಏಕೈಕ ಮಾತು.

ಕಾಲೇಜು ನನಗೆ ಸಂಶಯಪಡುವುದನ್ನು ಕಲಿಸಿತ್ತು. ಆ ವಿದ್ಯೆಯನ್ನು ನಾನು ನಿಮ್ಮ ಮೇಲೆಯೇ ಬಳಸಿದೆ — ಅಕ್ಕ ಸ್ಪಷ್ಟವಾಗಿ ಹೇಳಿದ್ದರೇ? ಸುಮ್ಮನೆ ಮಾತಿಗೆ ಅಂದದ್ದೇ? ಸ್ಟೇಷನ್ನಿನ ಗದ್ದಲದಲ್ಲಿ ನಾನು ಕೇಳಿಸಿಕೊಳ್ಳಲಿಲ್ಲವೇ? — ಹೀಗೆ ವರ್ಷಗಟ್ಟಲೆ. ನನ್ನ ನೆನಪನ್ನು ಮಸುಕು ಮಾಡಿದ್ದು ಕಾಲವಲ್ಲ, ನಾನೇ.

ಸಾಹೇಬರಿಗೂ ಇವತ್ತು ಇದನ್ನೇ ಬರೆದು ಕಳಿಸಿದ್ದೇನೆ. ನಿಮಗೆ ಇದರಿಂದ ಏನು ಮರಳುತ್ತದೋ ತಿಳಿಯದು. ಕ್ಷಮಿಸಿ ಎಂದು ಕೇಳಲಾರೆ.

ಕಳೆದ ವಾರ ಮನೆಯ ಅಟ್ಟದಿಂದ ಹಳೆಯ ನಕ್ಷೆಗಳ ಸುರುಳಿ ಇಳಿಸಿ ಒಂದೊಂದಾಗಿ ನೋಡಿದೆ. ಅಂತಿಮ ನಕ್ಷೆಗಿಂತ ಹನ್ನೊಂದು ದಿನ ಹಿಂದಿನ ಹಾಳೆಯೊಂದರಲ್ಲಿ, ಹಿಂಗೋಡೆಯ ಮೇಲೆ, ಪೆನ್ಸಿಲಿನಲ್ಲಿ ಎಳೆದ ಒಂದು ಬಾಗಿಲಿದೆ. ಪಕ್ಕದಲ್ಲಿ ‘ಗಿರಿಜಕ್ಕ ಹೇಳಿದ್ದು’ ಎಂದು ಬರೆದಿದೆ. ಅಕ್ಷರ ನನ್ನದು. ಅದರ ಮೇಲೆ ಅಡ್ಡ ಗೀಟು ಹೊಡೆದ ಪೆನ್ಸಿಲೂ ಅದೇ.