ಹನ್ನೊಂದನೇ ಮಹಡಿಯ ಮಾಲೀಕ

ಲುತ್ಫಿ ಮೂವತ್ತೊಂದು ವರ್ಷ ಮೆಟ್ಟಿಲು ಹತ್ತಿದ. ಅಲೆಕ್ಸಾಂಡ್ರಿಯಾದ ಪೂರ್ವ ಭಾಗದಲ್ಲಿ ಅವನು ಹತ್ತದ ಮೆಟ್ಟಿಲಿರಲಿಲ್ಲ. ಕರೆಂಟ್ ಮೀಟರ್ ಓದುವುದು ಅವನ ಕೆಲಸ. ಮೀಟರ್ ಓದುವವನು ಬಂದ ದಿನವೇ ಲಿಫ್ಟ್ ಕೆಟ್ಟಿರುತ್ತದೆ. ನಿವೃತ್ತನಾಗುವ ಹೊತ್ತಿಗೆ ಮಂಡಿ ಎರಡೂ ಹೋಗಿದ್ದವು, ಉಳಿದದ್ದು ತಿಳಿವಳಿಕೆ. ಯಾವ ಕಟ್ಟಡದ ಕಂಬದೊಳಗೆ ಕಬ್ಬಿಣ ಉಪ್ಪುಗಾಳಿಗೆ ತುಕ್ಕು ಹಿಡಿದು ಊದಿದೆ, ಯಾವುದರ ತಳದಲ್ಲಿ ನೀರು ನಿಲ್ಲುತ್ತದೆ, ಯಾವುದಕ್ಕೆ ಐದು ಮಹಡಿಯ ಪರವಾನಗಿ ಪಡೆದು ಹದಿಮೂರು ಎಬ್ಬಿಸಿದ್ದಾರೆ, ಎಲ್ಲ ಅವನ ತಲೆಯಲ್ಲಿತ್ತು. ಅಸಾಫ್ರಾದ ನಮ್ಮ ಓಣಿಯಲ್ಲಿ ಮನೆಗೆ ಮುಂಗಡ ಕೊಡುವ ಮೊದಲು ಜನ ಕಾಫಿ ಅಂಗಡಿಗೆ ಬಂದು ಅವನೆದುರು ಕೂರುತ್ತಿದ್ದರು. ಅವನು ತೀರಿಕೊಂಡ ನಲವತ್ತನೆಯ ದಿನದ ಕುರಾನ್ ಓದು ಮೊನ್ನೆ ಮುಗಿಯಿತು. ಅವತ್ತೂ ಒಬ್ಬ ಹೆಂಗಸು ಕರಾರುಪತ್ರವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ಅವನನ್ನು ಕೇಳಿಕೊಂಡು ಬಂದಿದ್ದಳು.

ಅವನು ಸಲಹೆ ಹೇಳುವ ರೀತಿಯೇ ಬೇರೆ. ಟ್ಯಾಕ್ಸಿ ಓಡಿಸುವ ಬಯ್ಯೂಮಿ ಬಂದ ದಿನ ಹೀಗಾಯಿತು.

"ಮೊದಲು ಮೀಟರ್ ನೋಡು," ಎಂದ ಲುತ್ಫಿ. "ಅಡುಗೆಮನೆ ಆಮೇಲೆ. ನಿನ್ನ ಹೆಂಡತಿ ಅಡುಗೆಮನೆ ನೋಡಿದ್ರೆ ಕರಗಿಹೋಗ್ತಾಳೆ. ಅದಕ್ಕೇ ಮೊದಲನೇ ದಿನ ಅವಳನ್ನ ಕರ್ಕೊಂಡು ಹೋಗ್ಬೇಡ."

"ಮೀಟರ್‌ನಲ್ಲಿ ಏನಿರತ್ತೆ ಉಸ್ತಾದ್?"

"ಹೆಸರಿರತ್ತೆ. ಹೆಸರಿಲ್ದೆ ಬರೀ ನಂಬರ್ ಇದ್ರೆ ಅದು ಕೋಡ್ ಮೀಟರ್. ಅಂದ್ರೆ ಕಾಗದದಲ್ಲಿ ಆ ಮಹಡೀನೇ ಇಲ್ಲ. ನೀನು ಗಾಳೀಲಿ ಜಾಗ ತಗೋತಿದೀಯ."

"ಕೋರ್ಟಿನ ತೀರ್ಪೇ ಇದೆ ಅಂದ್ರು ಮತ್ತೆ?"

"ಅದು ಸಹಿಯ ತೀರ್ಪು ಕಣೋ. ಸಹಿ ಹಾಕಿದೋನು ಇವನೇ ಅಂತ ಕೋರ್ಟು ಹೇಳಿದೆ. ಮನೆ ಇವನದ್ದು ಅಂತ ಎಲ್ಲಿ ಹೇಳಿದೆ? ನಾಳೆ ನಾನು ಬಂದರು ಮಾರ್ತೀನಿ ಅಂತ ನಿನಗೆ ಬರ್ಕೊಟ್ರೂ ಅದೇ ತೀರ್ಪು ಸಿಗತ್ತೆ. ಹಡಗು ಸಮೇತ ತಗೋ."

ಚಳಿಗಾಲದ ಮೊದಲ ಬಿರುಗಾಳಿ ಮುಗಿದ ವಾರದಲ್ಲಿ ಮನೆ ನೋಡಬೇಕು, ಬೇಸಿಗೆಯಲ್ಲಿ ಎಲ್ಲ ಛಾವಣಿಯೂ ಒಳ್ಳೆಯದೇ ಎನ್ನುತ್ತಿದ್ದ. ನೆಲದ ಮೇಲೆ ನಿಂಬೆಹಣ್ಣು ಇಟ್ಟು ಅದು ಎತ್ತ ಉರುಳುತ್ತದೆ ನೋಡು ಎನ್ನುತ್ತಿದ್ದ. ಎಲ್ಲಕ್ಕಿಂತ ಮುಖ್ಯ, ಕರಾರಿನಲ್ಲಿ ಮಾಲೀಕನೆಂದು ಯಾರ ಹೆಸರಿದೆಯೋ ಅವನ ಮನೆಗೇ ಹೋಗಿ ಟೀ ಕುಡಿದು ಬರಬೇಕು. ಮಾರುವವನು ಯಾವ ಛಾವಣಿಯ ಕೆಳಗೆ ಮಲಗುತ್ತಾನೆ ಎಂಬುದನ್ನು ಕಣ್ಣಾರೆ ನೋಡಬೇಕು. ಈಗಾಗಲೇ ಕೊಂಡು ಸಿಕ್ಕಿಕೊಂಡವರಿಗೆ ಬೇರೆ ಮಾತು: ಬಿರುಕಿಗೆ ಸುಣ್ಣ ಬಳಿಯಬೇಡಿ, ಪಕ್ಕದಲ್ಲಿ ತಾರೀಖು ಬರೆದು ಫೋಟೊ ತೆಗೆಯಿರಿ, ಬಾಗಿಲ ಸಂದಿಯಲ್ಲಿ ನೋಟಿಸು ತೂರಿಸಿದರೆ ಕಾಣಲೇ ಇಲ್ಲವೆಂದು ಕೂರಬೇಡಿ, ತಕರಾರು ಸಲ್ಲಿಸುವ ದಿನಗಳು ಅವತ್ತಿನಿಂದಲೇ ಸವೆಯುತ್ತವೆ, ಖಾಲಿ ಮಾಡಿ ಎಂದರೆ ಮಾಡಿ, ಆದರೆ ಎಂಜಿನಿಯರನ ವರದಿಯ ನಕಲು ಇಸಿದುಕೊಂಡೇ ಮೆಟ್ಟಿಲಿಳಿಯಿರಿ.

ಜನ ತಲೆಯಾಡಿಸುತ್ತಿದ್ದರು, ಅವನ ಟೀಯ ದುಡ್ಡು ತಾವೇ ಕೊಡುತ್ತಿದ್ದರು, ಆಮೇಲೆ ಹೋಗಿ ಅದೇ ಮನೆ ಕೊಳ್ಳುತ್ತಿದ್ದರು. ಬಯ್ಯೂಮಿಯೂ ಕೊಂಡ. ಪರವಾನಗಿ ಇದ್ದ ಮನೆ ಯಾರ ಕೈಗೂ ಎಟುಕುವಂತಿರಲಿಲ್ಲ, ಮನೆಯಿಲ್ಲದ ಹುಡುಗನಿಗೆ ಯಾರೂ ಹೆಣ್ಣು ಕೊಡುತ್ತಿರಲಿಲ್ಲ.

ಲುತ್ಫಿ ಸ್ವಂತ ಮನೆ ಕೊಂಡವನಲ್ಲ. ಅವನಪ್ಪ ಹಿಡಿದಿದ್ದ ಎರಡು ಕೋಣೆಯ ಹಳೇ ಬಾಡಿಗೆ ಮನೆಯಲ್ಲೇ ಬದುಕು ಕಳೆದ. "ಊರಿಗೆಲ್ಲಾ ಮನೆ ಹೇಳೋ ಮಹಾನುಭಾವ, ತನಗೇಂತ ಒಂದು ಗೋಡೆ ಇಲ್ಲ," ಎಂದು ಹೆಂಡತಿ ಸನಿಯಾ ಬೀನ್ಸ್ ಮುರಿಯುತ್ತ ಹೇಳುತ್ತಿದ್ದಳು. ಅವನು ನಗುತ್ತಿದ್ದ. ಮಗಳು ರಬಾಬ್‌ಳ ಸರದಿ ಬರುವವರೆಗೂ ನಗುತ್ತಿದ್ದ.

ರಬಾಬ್‌ಳ ಬಲಗೈಯಲ್ಲಿ ನಿಶ್ಚಿತಾರ್ಥದ ಉಂಗುರ ನಾಲ್ಕು ವರ್ಷದಿಂದ ಇತ್ತು. ಹುಡುಗ ಹೈಸಮ್ ಔಷಧಿ ಗೋದಾಮಿನಲ್ಲಿ ಲೆಕ್ಕ ಬರೆಯುವವನು, ಮೆತ್ತನೆಯ ಮನುಷ್ಯ. ಮನೆ ಸಿದ್ಧವಾಗಿ ಮದುವೆಯಾದ ದಿನ ಉಂಗುರ ಎಡಗೈಗೆ ಹೋಗಬೇಕು. ಕೊನೆಗೊಂದು ದಿನ ಅವನು ಬಂದು, ಹೊಸ ಕಟ್ಟಡವೊಂದರ ಹನ್ನೊಂದನೇ ಮಹಡಿಯಲ್ಲಿ ಸಿಕ್ಕಿದೆ ಮಾವ, ಎಂದು ಕರಾರಿನ ಪ್ರತಿಯನ್ನು ಮುಂದಿಟ್ಟ. ಮಾರುವವನ ಹೆಸರು ಷಿಹಾತಾ. ವಿಳಾಸ ಕರ್ಮೂಜಿನ ಹಳೇ ಗಲ್ಲಿಯದ್ದು.

ಲುತ್ಫಿ ಮರುದಿನವೇ ಒಂದು ಚೀಲ ಸೀಬೆಹಣ್ಣು ತೆಗೆದುಕೊಂಡು ಕರ್ಮೂಜಿಗೆ ಹೋದ. ಹದಿಮೂರು ಮಹಡಿಯ ಕಟ್ಟಡದ ಮಾಲೀಕ ಮೆಟ್ಟಿಲ ಕೆಳಗಿನ ಕೋಣೆಯಲ್ಲಿದ್ದ. ನಿಂತರೆ ತಲೆ ತಾಗುವ ಕೋಣೆ, ನಡುವೆ ಒಂದು ಪರದೆ. ವಾರಕ್ಕೆ ಮೂರು ದಿನ ಆಸ್ಪತ್ರೆಗೆ ಹೋಗಿ ರಕ್ತ ತೊಳೆಸಿಕೊಳ್ಳುವ ಮುದುಕ. ತೋಳಿನ ನರ ಹಗ್ಗದಂತೆ ಉಬ್ಬಿತ್ತು.

"ಹನ್ನೊಂದನೇ ಮಹಡೀನಾ? ನಂದಾ?" ಷಿಹಾತಾ ಕೆಮ್ಮುವವರೆಗೂ ನಕ್ಕ. "ಕೇಳಿದ್ಯೇನೇ? ನಮ್ಮದು ಹನ್ನೊಂದನೇ ಮಹಡಿ ಇದೆಯಂತೆ!"

"ಹಂಗಾದ್ರೆ ಅಲ್ಲಿಗೇ ಹೋಗಿ ಮಲಕ್ಕೊ," ಎಂದಳು ಹೆಂಡತಿ ಪರದೆಯ ಆಚೆಯಿಂದ. "ಇಲ್ಲಿ ಕಾಲು ಚಾಚಕ್ಕೂ ಜಾಗ ಇಲ್ಲ."

ಲುತ್ಫಿಗೆ ಎಲ್ಲ ಅರ್ಥವಾಯಿತು. ಇಂಥವರಿಗೆ ನಮ್ಮೂರಲ್ಲಿ ಕಾಹೂಲ್ ಎನ್ನುತ್ತಾರೆ. ಕಟ್ಟಿಸುವವನು ಬೇರೆ, ದುಡ್ಡು ಎಣಿಸಿಕೊಳ್ಳುವವನು ಬೇರೆ. ಕಾಗದದ ಮೇಲೆ ಮಾಲೀಕನಾಗಲು ಯಾರೋ ಒಬ್ಬ ರೋಗಿಯನ್ನೋ ದಿಕ್ಕಿಲ್ಲದವನನ್ನೋ ಹಿಡಿದು ಸಹಿ ಹಾಕಿಸುತ್ತಾರೆ. ಕಾನೂನು ಬಂದು ಬಾಗಿಲು ಬಡಿದಾಗ ಆ ಬಾಗಿಲು ಇಂಥ ಕೋಣೆಯದ್ದಾಗಿರುತ್ತದೆ.

"ಎಷ್ಟು ಕಟ್ಟಡಕ್ಕೆ ಸಹಿ ಹಾಕಿದೀರ ಯಜಮಾನ್ರೆ?"

"ಹದಿನಾಲ್ಕು ಅಂತಾರೆ. ಒಂದನ್ನೂ ನೋಡಿಲ್ಲ. ಜೈಲು ಶಿಕ್ಷೆನೂ ಆಗಿದೆಯಂತೆ ನನಗೆ. ಹಿಡ್ಕೊಂಡು ಹೋದ್ರೆ ಹೋಗ್ಲಿ, ಅಲ್ಲೂ ರಕ್ತ ತೊಳೀತಾರಂತೆ."

"ಸಹಿ ಹಾಕಿಸೋದು ಯಾರು?"

ಮುದುಕ ಪರದೆಯ ಕಡೆ ನೋಡಿ ದನಿ ತಗ್ಗಿಸಿದ. "ಮೂಸಾ. ನಲ್ಲಿ ಸಾಮಾನಿನ ಅಂಗಡಿ ಮೂಸಾ. ಔಷಧಿಗೆ ಅಂತ ತಿಂಗಳಿಗೊಂದು ಸಲ ಕೊಟ್ಟು ಹೋಗ್ತಾನೆ. ನನ್ನ ಹೊಟ್ಟೆ ಮೇಲೆ ಹೊಡೀಬೇಡಿ ಉಸ್ತಾದ್."

ಲುತ್ಫಿ ಸೀಬೆಹಣ್ಣಿನ ಚೀಲವನ್ನು ಅಲ್ಲೇ ಇಟ್ಟು ಎದ್ದ. ಬಗ್ಗಿ ಹೊರಗೆ ಬರುವಾಗ ಮುದುಕ ಹಿಂದಿನಿಂದ ಕೇಳಿದ: "ಅಲ್ಲಿಂದ ಸಮುದ್ರ ಕಾಣತ್ತಾ?"

"ಒಂದು ಮೂಲೇಲಿ ಕಾಣತ್ತೆ."

"ಹಂಗಾದ್ರೆ ಒಳ್ಳೆ ಮನೇನೇ ಬಿಡಿ."

ಮನೆಗೆ ಬಂದ ಲುತ್ಫಿ ಚಪ್ಪಲಿಯನ್ನೂ ಬಿಡದೆ, ಈ ಮನೆ ಬೇಡ, ಎಂದ. ನೋಡಿದ್ದನ್ನೆಲ್ಲ ಹೇಳಿದ. ಅಲ್ಲೇ ಕಾಯುತ್ತಿದ್ದ ಹೈಸಮ್ ತಲೆ ತಗ್ಗಿಸಿ ಕೇಳಿಸಿಕೊಂಡ. ಕಟ್ಟಡದಲ್ಲಿ ಆಗಲೇ ಮೂವತ್ತು ಸಂಸಾರ ಇವೆ ಮಾವ, ಬೀದಿಗೆ ಬೀದಿಯೇ ಹೀಗಿದೆ, ಎಂದಷ್ಟೇ ಹೇಳಿದ.

"ಮೂವತ್ತು ಸಂಸಾರ ನೋಡ್ಕೊಂಡು ಮೂವತ್ತೊಂದನೇದು ಹೋಗತ್ತೆ. ನಿನ್ನ ನೋಡ್ಕೊಂಡು ಇನ್ನೊಂದು."

"ನಾಲ್ಕು ವರ್ಷ ಆಯ್ತು," ಎಂದಳು ಸನಿಯಾ. "ಇನ್ನೊಂದು ಸಲ ಬೇಡ ಅಂದ್ರೆ ಅವನ ತಾಯಿ ಉಂಗುರ ವಾಪಸ್ ಕೇಳ್ತಾಳೆ. ಆಗ ನೀವು ಮಗಳನ್ನ ಯಾವ ಮಹಡೀಲಿ ಕೂರಿಸ್ತೀರಿ?"

ರಬಾಬ್ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಅಪ್ಪನೆದುರು ದನಿ ಎತ್ತಿದವಳಲ್ಲ, ಆಗಲೂ ಎತ್ತಲಿಲ್ಲ.

"ಅಪ್ಪಾ, ನನಗೆ ಮೂವತ್ತೆರಡು. ಒಂದೇ ಒಂದು ಕೇಳ್ತೀನಿ. ಇಷ್ಟು ವರ್ಷದಲ್ಲಿ ನಿನ್ನ ಮಾತು ಕೇಳಿ ಮನೆ ಬಿಟ್ಟೋರಲ್ಲಿ ಯಾರಿಗಾದ್ರೂ ಬೇರೆ ಮನೆ ಸಿಕ್ಕಿದೆಯಾ? ಒಬ್ಬರ ಹೆಸರು ಹೇಳು."

ಲುತ್ಫಿ ಯೋಚಿಸಿದ. ಅವನ ಮಾತು ಕೇಳಿದವರು ಬಹಳ ಜನ ಇರಲಿಲ್ಲ, ಎಣಿಸುವುದು ಕಷ್ಟವಾಗಲಿಲ್ಲ. ಒಬ್ಬ ಇನ್ನೂ ತಾಯಿಯ ಮನೆಯ ಹಜಾರದಲ್ಲಿ ಮಲಗುತ್ತಿದ್ದ. ಒಬ್ಬನ ಹುಡುಗಿ ಬೇರೆಯವನನ್ನು ಮದುವೆಯಾಗಿದ್ದಳು. ಇನ್ನೊಬ್ಬ ಪರದೇಶಕ್ಕೆ ಹೋದವನು ಬರಲಿಲ್ಲ. ಲುತ್ಫಿ ಆಗ ಚಪ್ಪಲಿ ಬಿಟ್ಟು ಕೂತ.

ಕರಾರಿಗೆ ಇಬ್ಬರು ಸಾಕ್ಷಿಗಳು ಬೇಕಿತ್ತು. ಎರಡನೆಯ ಸಹಿ ಲುತ್ಫಿಯದು. ಷಿಹಾತಾನನ್ನು ಯಾರೋ ತೋಳು ಹಿಡಿದು ಕರೆತಂದಿದ್ದರು. ಇಬ್ಬರೂ ಒಂದೇ ಮೇಜಿನ ಎರಡು ಬದಿಯಲ್ಲಿ ಕೂತು ಒಬ್ಬರನ್ನೊಬ್ಬರು ನೋಡದೆ ಸಹಿ ಹಾಕಿದರು.

ಮದುವೆ ಚೆನ್ನಾಗಿಯೇ ಆಯಿತು. ಮಂಚ, ಬೀರು, ಫ್ರಿಜ್ಜು, ಹಾಸಿಗೆಗಳನ್ನೆಲ್ಲ ಮೂರು ಗಾಡಿಯಲ್ಲಿ ಹೇರಿ, ತಮಟೆ ಬಡಿದು ಓಣಿಯ ತುಂಬ ಮೆರೆಸಿ ಕೊಂಡೊಯ್ದರು. ಲುತ್ಫಿ ಹನ್ನೊಂದು ಮಹಡಿಯನ್ನೂ ಗೋಡೆ ಹಿಡಿದುಕೊಂಡೇ ಹತ್ತಿದ. ಮೇಲೆ ಮೀಟರಿನ ಪೆಟ್ಟಿಗೆ ಮುಚ್ಚಿತ್ತು. ಅವನು ಅದನ್ನು ತೆರೆಯಲಿಲ್ಲ. ಅಡುಗೆಮನೆಗೆ ಹೋಗಿ ರಬಾಬ್ ಆರಿಸಿ ತಂದಿದ್ದ ನೀಲಿ ಟೈಲುಗಳನ್ನು ಬಹಳ ಹೊತ್ತು ಹೊಗಳಿದ.

ಎರಡೂವರೆ ವರ್ಷ ಏನೂ ಆಗಲಿಲ್ಲ. ಮೂರನೇ ಚಳಿಗಾಲದ ದೊಡ್ಡ ಬಿರುಗಾಳಿ ಮೂರು ದಿನ ಹೊಡೆದು ನಿಂತ ಬೆಳಿಗ್ಗೆ, ಕಟ್ಟಡ ಎದುರಿನ ಕಟ್ಟಡದ ಕಡೆ ವಾಲಿತ್ತು. ಯಾರೂ ಸಾಯಲಿಲ್ಲ. ಪೊಲೀಸರು ಬಂದು ಖಾಲಿ ಮಾಡಲು ಮನೆಗೆ ಹದಿನೈದು ನಿಮಿಷ ಕೊಟ್ಟರು. ರಬಾಬ್ ಎರಡು ಚೀಲ ಬಟ್ಟೆ ತುಂಬಿಕೊಂಡಳು. ಅಪ್ಪ ಫೋನಿನಲ್ಲಿ ಕಿರುಚುತ್ತಿದ್ದಂತೆ ಎಂಜಿನಿಯರನ ಹಿಂದೆ ಬಿದ್ದು ವರದಿಯ ನಕಲನ್ನೂ ಇಸಿದುಕೊಂಡಳು. ಇಡೀ ಕಟ್ಟಡದಲ್ಲಿ ಆ ಕಾಗದ ಇದ್ದದ್ದು ಅವಳೊಬ್ಬಳ ಕೈಯಲ್ಲಿ.

ಆ ಕಾಗದದ ಮೇಲೆ ಲುತ್ಫಿ ಆಸೆ ಕಟ್ಟಿದ. ಮಾರಾಟದಲ್ಲಿ ಮೋಸವಾಗಿದೆ ಎಂದು ಹೈಸಮ್‌ನ ಹೆಸರಲ್ಲಿ ದೂರು ಕೊಡಿಸಿದ. ವಿಚಾರಣೆಗೆ ಸಾಕ್ಷಿಯಾಗಿ ಅವನಿಗೇ ಕರೆ ಬಂತು. ಹೊರಗಿನ ಪಡಸಾಲೆಯಲ್ಲಿ ವಕೀಲ ಅವನ ಕಿವಿಯಲ್ಲಿ ಹೇಳಿದ: "ನೋಡಿ ಉಸ್ತಾದ್, ಮೋಸ ಹೋದೋರಿಗೆ ಮಾತ್ರ ಪರಿಹಾರ. ಗೊತ್ತಿದ್ದೂ ತಗೊಂಡೋರು ಮೋಸ ಹೋದೋರಲ್ಲ. ಮಾರಿದೋನು ಕಾಹೂಲ್ ಅಂತ ನಿಮಗೆ ಗೊತ್ತಿತ್ತು ಅಂದ್ರೆ ನಿಮ್ಮ ಅಳಿಯನಿಗೂ ಗೊತ್ತಿತ್ತು ಅಂತಾಗತ್ತೆ. ಅಲ್ಲಿಗೆ ಮುಗೀತು."

ಒಳಗೆ ಅಧಿಕಾರಿ ಕರಾರು ತಿರುವಿ ನೋಡಿದ. ವಯಸ್ಸಿನಲ್ಲಿ ಚಿಕ್ಕವನು, ಒರಟನಲ್ಲ.

"ಈ ಸಹಿ ನಿಮ್ದಾ?"

"ನಂದೇ."

"ಕರಾರಿಗೆ ಮುಂಚೆ ಮಾರಿದೋನನ್ನ ಭೇಟಿ ಮಾಡಿದ್ರಾ? ಅವನ ಹಿಂದೆ ಬೇರೆ ಯಾರಾದ್ರೂ ಇದಾರೆ ಅಂತ ಗೊತ್ತಿತ್ತಾ? ಹೇಳಿ, ಹೇಳಿದ್ರೆ ನಮಗೂ ದಾರಿ ಸಿಗತ್ತೆ."

ಲುತ್ಫಿಯ ನಾಲಿಗೆಯ ತುದಿಯಲ್ಲಿ ಮೂಸಾನ ಹೆಸರಿತ್ತು. ಆ ಹೆಸರು ಹೇಳಬೇಕಾದರೆ ಮೆಟ್ಟಿಲ ಕೆಳಗಿನ ಕೋಣೆಯನ್ನೂ ಹೇಳಬೇಕು. ಅದನ್ನು ಹೇಳಿದರೆ ಮಗಳ ಮನೆಯ ದುಡ್ಡು ಕೈಬಿಟ್ಟಂತೆ.

"ಇಲ್ಲ ಸ್ವಾಮಿ," ಎಂದ. "ಸಹಿ ಹಾಕೋ ದಿನಾನೇ ಮೊದಲು ನೋಡಿದ್ದು. ನಿಜವಾದ ಮಾಲೀಕ ಅಂತಾನೇ ನಂಬಿದ್ವಿ."

ಮಾಲೀಕನ ಮನೆಗೆ ಹೋಗಿ ಟೀ ಕುಡಿದು ಬನ್ನಿ ಎಂದು ಊರಿಗೆಲ್ಲ ಹೇಳಿದವನು, ತಾನು ಹೋಗಲೇ ಇಲ್ಲವೆಂದು ಪ್ರಮಾಣ ಮಾಡಿ ಹೇಳಿದ. ಅಧಿಕಾರಿ ಬರೆಸಿಕೊಂಡ. ಹೇಳಿಕೆಯ ಕೆಳಗೆ ಲುತ್ಫಿ ಸಹಿ ಹಾಕಿದ ಮೇಲೆ ಅಧಿಕಾರಿ ಕಡತ ಮುಚ್ಚುತ್ತ ಹೇಳಿದ: "ಆ ಷಿಹಾತಾ ತೀರ್ಕೊಂಡು ಎಂಟು ತಿಂಗಳಾಯ್ತು. ಜೈಲಿನ ಆಸ್ಪತ್ರೇಲಿ."

ತೀರ್ಪು ಹೈಸಮ್‌ನ ಪರವಾಗಿಯೇ ಬಂತು. ಅವನು ಮೋಸ ಹೋದದ್ದು ನಿಜ, ಮಾರಿದವನು ಪರಿಹಾರ ಕೊಡತಕ್ಕದ್ದು ಎಂದಿತ್ತು. ಮಾರಿದವನು ಬಿಟ್ಟುಹೋದ ಆಸ್ತಿ ಒಂದು ಪರದೆ.

ಪರವಾನಗಿಯಿಲ್ಲದ ಮೇಲಿನ ಎಂಟು ಮಹಡಿಗಳನ್ನು ಕೆಡವುವ ಆಜ್ಞೆಯಾಯಿತು. ಹನ್ನೊಂದನೆಯದಕ್ಕೆ ನಾಲ್ಕು ದಿನ ಹಿಡಿಯಿತು. ಲುತ್ಫಿ ನಾಲ್ಕೂ ದಿನ ಎದುರಿನ ಕಟ್ಟೆಯ ಮೇಲೆ ಕೂತಿದ್ದ. ನೀಲಿ ಟೈಲ್ಸ್ ಗೋಡೆಗೆ ಸುತ್ತಿಗೆ ಬಿದ್ದಾಗ ಪಕ್ಕದಲ್ಲಿದ್ದ ಯಾರೋ, "ಒಳ್ಳೆ ಟೈಲ್ಸ್ ಹಾಕಿಸಿದಾರೆ ಪಾಪ," ಎಂದರು. ಹೌದು, ಎಂದ ಲುತ್ಫಿ.

ಆಮೇಲೆ ಅವನು ಕಾಫಿ ಅಂಗಡಿಯಲ್ಲಿ ಮಾತು ಬಿಟ್ಟ. ಯಾರಾದರೂ ಕರಾರು ತಂದರೆ, "ನಾನು ಮೀಟರ್ ಓದ್ತಿದ್ದೋನಪ್ಪಾ, ಇದೆಲ್ಲ ನನಗೇನು ಗೊತ್ತು," ಎನ್ನುತ್ತಿದ್ದ. ಬಂದವರು ತಮಾಷೆ ಎಂದುಕೊಂಡು ಇನ್ನೊಂದು ಟೀ ಹೇಳಿ ಕಾಯುತ್ತಿದ್ದರು. ಅವನು ಕುಡಿದು ಎದ್ದು ಹೋಗುತ್ತಿದ್ದ.

ಹೈಸಮ್ ತನ್ನ ತಾಯಿಯ ಮನೆಗೆ ಹೋದ. ಅಲ್ಲಿ ಒಂದು ಕೋಣೆಗೆ ಮೂವರು ತಮ್ಮಂದಿರು. ರಬಾಬ್ ಅಪ್ಪನ ಮನೆಯ ಹಜಾರದಲ್ಲಿ ಮಲಗಿದಳು. ಗಂಡ ಹೆಂಡತಿ ಶುಕ್ರವಾರ ಮಧ್ಯಾಹ್ನ ಸಮುದ್ರದ ದಂಡೆಯ ಕಲ್ಲುಬೆಂಚಿನ ಮೇಲೆ, ಮದುವೆ ಗೊತ್ತಾದ ಹುಡುಗ ಹುಡುಗಿಯರ ಸಾಲಿನಲ್ಲಿ ಕೂತು ಬರುತ್ತಿದ್ದರು. ಆಮೇಲೆ ಮನೆಗೆ ಬಂದು ಅತ್ತೆ ಮಾವನ ಜೊತೆ ಟೀ ಕುಡಿದು, ಕತ್ತಲಾಗುವ ಮೊದಲು ಹೈಸಮ್ ಏಳುತ್ತಿದ್ದ. "ಇರಪ್ಪಾ, ಊಟ ಮಾಡ್ಕೊಂಡು ಹೋಗು," ಎನ್ನುತ್ತಿದ್ದಳು ಸನಿಯಾ. ಇದ್ದುಬಿಡು ಎನ್ನಲು ಅವಳ ಬಳಿ ಬಾಗಿಲಿರುವ ಇನ್ನೊಂದು ಕೋಣೆ ಇರಲಿಲ್ಲ.

ಕೊನೆಯ ಶುಕ್ರವಾರ ಲುತ್ಫಿ ಅವನನ್ನು ಬೀಳ್ಕೊಡಲು ಕೆಳಗಿನವರೆಗೂ ಇಳಿದ. ಹೈಸಮ್ ಬೀದಿಬಾಗಿಲಲ್ಲಿ ತಡೆದು ನಿಂತ.

"ಮಾವ, ಮಂದರಾದಲ್ಲಿ ಒಂದು ಮನೆ ಇದೆ. ಗೋದಾಮಿನೋರು ಸಾಲ ಕೊಡ್ತೀನಿ ಅಂದಿದಾರೆ. ಒಂಬತ್ತನೇ ಮಹಡಿ. ಒಂದ್ಸಲ ಬಂದು ನೋಡ್ತೀರಾ?"

ಲುತ್ಫಿ ಮೇಲೆ ನೋಡಿದ. ರಬಾಬ್ ಬಾಲ್ಕನಿಯಲ್ಲಿ ಬಗ್ಗಿ ನಿಂತಿದ್ದಳು, ಅವಳಿಗೆ ಆಗಲೇ ಗೊತ್ತಿತ್ತು.

"ಬರ್ತೀನಿ," ಎಂದ. ಪರವಾನಗಿ ಎಷ್ಟು ಮಹಡಿಗಿದೆ ಎಂದು ಕೇಳಲಿಲ್ಲ. ಯಾರ ಹೆಸರಲ್ಲಿದೆ ಎಂದೂ ಕೇಳಲಿಲ್ಲ. "ಸಹಿಗೆ ಸಾಕ್ಷಿ ಬೇಕಾದ್ರೆ ಹೇಳು," ಎಂದ.

ಮಂಗಳವಾರ ಬೆಳಿಗ್ಗೆ ಸನಿಯಾ ಎಬ್ಬಿಸಿದಾಗ ಅವನು ಏಳಲಿಲ್ಲ. ಮಂದರಾದ ಕರಾರಿಗೆ ಕಾಫಿ ಅಂಗಡಿಯ ಗೆಳೆಯರೊಬ್ಬರು ಸಹಿ ಹಾಕಿದರು.