ಮೆಟ್ಟಿಲಿಗೆ ಹಾಕಿದ ನೀರು

ಗಾಜಿನೊಳಗೆ ಕೂತ ರಂಗೋಲಿಯನ್ನು ನೀವು ಯಾವತ್ತಾದರೂ ನೋಡಿದ್ದೀರಾ?

ನಾನು ನೋಡಿದೆ, ನಮ್ಮದೇ ಮನೆಯ ಮೆಟ್ಟಿಲ ಮೇಲೆ. ಜನವರಿಯ ಒಂದು ಬೆಳಗ್ಗೆ ಎಂದಿನಂತೆ ಒಂದು ಬಕೆಟ್ ನೀರು ಸುರಿದು, ಅಕ್ಕಿಹಿಟ್ಟಿನಲ್ಲಿ ನಾಲ್ಕು ಎಳೆ ಎಳೆದು ಒಳಗೆ ಬಂದಿದ್ದೆ. ಚಹಾ ಕುಡಿದು, ಒಲೆಯ ಬೂದಿ ಚೆಲ್ಲಲು ಮತ್ತೆ ಬಾಗಿಲು ತೆಗೆದರೆ ನೀರು ಗಟ್ಟಿಯಾಗಿತ್ತು. ಬಾಗಿಲ ದೀಪದ ಬೆಳಕಿನಲ್ಲಿ ಬಿಳಿ ಎಳೆಗಳು ಹೊಳೆಯುತ್ತಿದ್ದವು, ಯಾರೋ ಮೇಲೆ ಗಾಜು ಕೂರಿಸಿದ ಹಾಗೆ. ಬೂದಿಯ ಬಕೆಟ್ ಕೆಳಗಿಟ್ಟೆ. ಫೋಟೊ ತೆಗೆದೆ. ಹಗರಿಬೊಮ್ಮನಹಳ್ಳಿಯಲ್ಲಿರುವ ಅಕ್ಕನಿಗೆ ಕಳಿಸಿದೆ. ಒಳಗೆ ಹೋಗಿ ಮಂಡಕ್ಕಿ ನೆನೆಹಾಕಿದೆ.

ಬೂದಿ ಚೆಲ್ಲಲಿಲ್ಲ. ಚೆಲ್ಲಿದ್ದರೆ ರಂಗೋಲಿ ಕೆಡುತ್ತಿತ್ತಲ್ಲ?

ಹೊಸದಾಗಿ ಈ ಅಂಕಣ ಓದುವವರಿಗೆ ಎರಡು ಮಾತು. ಹೋದ ಬೇಸಿಗೆಯಲ್ಲಿ ನಾನು, ನನ್ನ ಗಂಡ ಮಂಜುನಾಥ ಐರ್ಲೆಂಡಿನ ಪಶ್ಚಿಮದ ಒಂದು ಹಳ್ಳಿಗೆ ಬಂದೆವು. ಅವನು ಹರಪನಹಳ್ಳಿಯವನು, ಇಲ್ಲಿ ಪಕ್ಕದ ಪಟ್ಟಣದ ಆಸ್ಪತ್ರೆಯಲ್ಲಿ ನರ್ಸ್. ವಿದೇಶ ಅಂದರೆ ನಿಮಗೆ ಏನು ಕಾಣುತ್ತದೆ? ಗಾಜಿನ ಕಟ್ಟಡ, ಲಿಫ್ಟು? ನಮ್ಮದು ಎರಡು ಕೋಣೆ, ಕಲ್ಲಿನ ಗೋಡೆ, ಗಾಳಿ ನುಗ್ಗುವ ಕಿಟಕಿ, ಒಂದು ಕಬ್ಬಿಣದ ಒಲೆ. ಕೊಟ್ಟೂರಿನಲ್ಲಿ ಗ್ಯಾಸ್ ಹಚ್ಚಿ ಬೆಳೆದವಳು ಯುರೋಪಿಗೆ ಬಂದು ಕಟ್ಟಿಗೆ ಒಲೆ ಊದಲು ಕಲಿತೆ.

ಬೆಳಗ್ಗೆ ಆರಕ್ಕೆ ಏಳುತ್ತಿದ್ದೆ. (ಸುಳ್ಳು. ಆರೂಮುಕ್ಕಾಲಿಗೆ.) ಒಲೆಯ ಬೂದಿ ತೆಗೆಯುವುದು, ಕಟ್ಟಿಗೆ ಹೊತ್ತಿಸುವುದು, ಚಹಾಕ್ಕೆ ಇಡುವುದು. ಎಲ್ಲಕ್ಕಿಂತ ಮೊದಲು ಬಾಗಿಲು ತೆಗೆದು ಮೆಟ್ಟಿಲಿಗೆ ನೀರು ಹಾಕುವುದು. ಮಳೆ ಸುರಿಯುತ್ತಿದ್ದರೂ ಹಾಕುತ್ತಿದ್ದೆ. ಮಂಜುನಾಥ ನಗುತ್ತಿದ್ದ. "ಅಲ್ಲ ಮಾರಾಯ್ತಿ, ಮೇಲಿಂದ ದೇವರೇ ಹಾಕ್ತಾ ಇದಾನೆ. ನಿಂದೇನು ಮಧ್ಯೆ?"

ನಿಂದೇನು ಅಂದರೆ, ನನ್ನ ಅವ್ವ ಹಾಕುತ್ತಿದ್ದಳು! ಇದೇ ಜಾಗದಲ್ಲಿ ಒಂದು ವಾರ ಬರೆದಿದ್ದೆ, ನೆನಪಿದೆಯೇ? ಅವ್ವ ನಸುಕಿನಲ್ಲಿ ಎದ್ದು ಬಕೆಟ್ ಬಕೆಟ್ ನೀರು ಅಂಗಳಕ್ಕೆ ಎರಚುತ್ತಿದ್ದಳು, ಆ ಸದ್ದಿಗೇ ನನಗೆ ಎಚ್ಚರವಾಗುತ್ತಿತ್ತು, ಈಗ ಆ ಸದ್ದನ್ನು ಸಮುದ್ರ ದಾಟಿಸಿ ತಂದಿದ್ದೇನೆ ಅಂತೆಲ್ಲ. ಹಡಗಲಿಯಿಂದ ಒಬ್ಬರು ಫೋನ್ ಮಾಡಿದ್ದರು. "ಓದಿ ಕಣ್ಣಾಗ ನೀರು ಬಂತ್ರಿ ಮೇಡಂ. ನಮ್ಮವ್ವನ್ನ ಎದ್ರಿಗೆ ನಿಲ್ಲಿಸಿಬಿಟ್ರಿ." ನಾನು ವಾರವಿಡೀ ಉಬ್ಬಿಕೊಂಡು ಓಡಾಡಿದ್ದೆ.

ಈಗ ಮೋರಿನ್ ಬಗ್ಗೆ ಹೇಳಬೇಕು.

ಮೋರಿನ್ ನಮ್ಮ ಎದುರು ಮನೆಯ ಅಜ್ಜಿ. ಎಂಬತ್ತು ದಾಟಿದವಳು. ಒಬ್ಬಳೇ ಇದ್ದಳು, ಆರು ಕೋಳಿಗಳ ಜೊತೆ. ದಿನಾ ಒಂಬತ್ತಕ್ಕೆ ಸ್ವೆಟರಿನ ಜೇಬಿನಲ್ಲಿ ಎರಡು ಮೊಟ್ಟೆ ಇಟ್ಟುಕೊಂಡು ಬರುತ್ತಿದ್ದಳು. ನನ್ನ ಚಹಾ ಕುಡಿಯುತ್ತಿದ್ದಳು. (ಅವಳ ಮಾತು ಇಂಗ್ಲಿಷ್. ನನ್ನ ನೆನಪಿನಲ್ಲಿ ಮಾತ್ರ ಅವಳು ಕೊಟ್ಟೂರಿನ ಕನ್ನಡದಲ್ಲೇ ಮಾತಾಡುತ್ತಾಳೆ. ನನ್ನ ನೆನಪನ್ನು ಎಷ್ಟು ನಂಬಬೇಕು ಎಂಬುದು ಮುಂದೆ ಗೊತ್ತಾಗುತ್ತದೆ.) ಕನ್ನಡದಲ್ಲಿ ಅವಳಿಗೆ ಒಂದೇ ಪದ ಕಲಿಸಿದ್ದೆ: ಸಾಕು. ಕಪ್ಪಿಗೆ ಚಹಾ ಸುರಿಯುವಾಗ ಕೈ ಅಡ್ಡ ಹಿಡಿದು "ಸಾಕು, ಸಾಕು" ಅನ್ನುತ್ತಿದ್ದಳು. ಹೇಳಿ ತಾನೇ ನಗುತ್ತಿದ್ದಳು.

ಮೊದಲ ವಾರವೇ ಮೆಟ್ಟಿಲು ನೋಡಿ ಕೇಳಿದ್ದಳು. "ಇದೇನವಾ, ದಿನಾ ತೊಳೀತಿ?"

"ನಮ್ಮವ್ವ ಹಿಂಗ ಮಾಡ್ತಿದ್ಲು," ಅಂದಿದ್ದೆ.

"ಹಂಗಾದ್ರ ಬಿಡಬ್ಯಾಡ," ಅಂದಿದ್ದಳು.

ಆ ಜನವರಿಯ ಬೆಳಗ್ಗೆಯೂ ಒಂಬತ್ತಕ್ಕೇ ಬಂದಳು. ಇನ್ನೂ ಅರೆಗತ್ತಲು. ನಾನು ಒಗ್ಗರಣೆಗೆ ಸಾಸಿವೆ ಹಾಕಿದ್ದೆ. ಚಿಟಪಟ ಸದ್ದಿನ ನಡುವೆ ಇನ್ನೊಂದು ಸದ್ದು ಕೇಳಿತು. ಕೂಗಲ್ಲ. ಮೂಟೆ ಇಳಿಸಿದಂಥ ಸದ್ದು. ಹೊರಗೆ ಹೋದರೆ ಮೋರಿನ್ ಮೆಟ್ಟಿಲ ಕೆಳಗೆ ಒಂದು ಮಗ್ಗುಲಿಗೆ ಬಿದ್ದಿದ್ದಳು. ಜೇಬಿನಿಂದ ಹಳದಿ ಇಳಿಯುತ್ತಿತ್ತು. "ಮೊಟ್ಟೆ ಒಡದ್ವು," ಅಂದಳು. ಅವಳ ಮೊದಲ ಮಾತು ಅದು.

ಸೊಂಟದ ಮೂಳೆ ಮುರಿದಿತ್ತು. ಆಂಬ್ಯುಲೆನ್ಸಿನವನು ಸ್ಟ್ರೆಚರ್ ಎತ್ತುವಾಗ ನೆಲ ನೋಡಿ ಹೇಳಿದ: "ರಾತ್ರಿ ಹಿಮ ಜೋರಾಗಿ ಬಿದ್ದಿದೆ." ನಾನು ತಲೆಯಾಡಿಸಿದೆ. ಮೋರಿನ್ ಕೂಡ ತಲೆಯಾಡಿಸಿದಳು. "ತಪ್ಪು ನಂದ, ನೋಡಿ ಕಾಲು ಇಡಬೇಕಿತ್ತು," ಅಂದಳು.

ಹಿಮ ಬಿದ್ದದ್ದು ನಿಜ, ಹುಲ್ಲಿನ ಮೇಲೆ. ಮೆಟ್ಟಿಲ ಮೇಲೆ ಇದ್ದದ್ದು ನಮ್ಮ ನಲ್ಲಿಯ ನೀರು.

ಅವರೆಲ್ಲ ಹೋದ ಮೇಲೆ ಫೋನ್ ನೋಡಿದೆ. ಅಕ್ಕನ ವಾಯ್ಸ್ ಮೆಸೇಜ್ ಎಂಟೂವರೆಗೇ ಬಂದಿತ್ತು. ಅಕ್ಕ ಸ್ಟೇಷನ್ ಹತ್ತಿರ ಬ್ಲೌಸ್ ಹೊಲಿಯುತ್ತಾಳೆ. ಹಿಂದೆ ಮಷಿನ್ ಸದ್ದು. "ಭಾಳ ಚಂದ ಐತಿ ಬಿಡು. ಆದ್ರ ಯಾರರ ಜಾರಿ ಬಿದ್ದಾರು. ಒಲಿ ಬೂದಿ ಇದ್ರ ಒಂದ್ ಹಿಡಿ ಚೆಲ್ಲು ಮೊದ್ಲು."

ಫ್ರಿಜ್ಜಿನೊಳಗಲ್ಲದೆ ಬೇರೆಲ್ಲೂ ಐಸ್ ಕಾಣದ ಅಕ್ಕನಿಗೆ ಹೊಳೆದದ್ದು, ಅದರ ಎದುರೇ ಬೂದಿ ಬಕೆಟ್ ಹಿಡಿದು ನಿಂತ ನನಗೆ ಹೊಳೆಯಲಿಲ್ಲವೇ? ಹೊಳೆಯಿತು. ಹೊಳೆದೇ ಬಕೆಟ್ ಕೆಳಗಿಟ್ಟದ್ದು. ಮೋರಿನ್ ಬರುವಷ್ಟರಲ್ಲಿ ಹಾಕಿದರಾಯಿತು, ಅಲ್ಲಿಯವರೆಗೆ ಇರಲಿ, ಚೆನ್ನಾಗಿದೆ ಅಂದುಕೊಂಡೆ. ಆಮೇಲೆ ಮರೆತೆ.

ಅಂದೇ ಅಕ್ಕನಿಗೆ ಫೋನ್ ಮಾಡಿ ಅತ್ತೆ. "ಅವ್ವ ಮಾಡಿದ್ದು ಅಂತ ಮಾಡಿದ್ನಕ್ಕಾ. ಅವ್ವ ದಿನಾ ನೀರು ಹಾಕ್ತಿದ್ಲಲ್ಲ, ಆಕಿ ಹೆಸರಿಗೆ..."

ಮಷಿನ್ ನಿಂತಿತು.

"ಯಾವ ಅವ್ವ ಲೇ?"

"ನಮ್ಮವ್ವ."

"ನಮ್ಮನ್ಯಾಗ ನಳದ ನೀರು ವಾರಕ್ಕೊಮ್ಮಿ ಬರ್ತಿತ್ತು. ಬಕೀಟುಗಟ್ಟಲೆ ಅಂಗಳಕ್ಕ ಹಾಕ್ತಾರೇನು? ಅವ್ವ ಒಂದ್ ಚಂಬಿನಾಗ ಕೈ ಅದ್ದಿ ಹೊಸ್ತಿಲಿಗಿ ಚಿಮುಕಿಸ್ತಿದ್ಲು, ಅಷ್ಟ. ಸುರೀತಿದ್ದಾಕಿ ಎದುರುಮನಿ ಗೌರಮ್ಮ. ಅವರ ಮನ್ಯಾಗ ಬೋರ್ ಇತ್ತು. ಆ ಕೆಸರು ನಮ್ಮ ಬಾಗ್ಲಿಗಿ ಬರ್ತೈತಿ ಅಂತ ಅವ್ವ ದಿನಾ ಬೈತಿದ್ಲು."

"ನನಗ ಚಂದಗ ನೆನಪೈತಿ. ಸದ್ದು ಕೇಳ್ತಿತ್ತು."

"ಗೌರಮ್ಮನ ಸದ್ದು ಕೇಳಿರ್ತಿ. ನೀ ಏಳೂದ್ರಾಗ ಬಿಸಿಲು ಏರಿರ್ತಿತ್ತು, ನೀ ಯಾವಾಗ ನೋಡಿದಿ? ಪೇಪರ್‌ನಾಗ ಬರ್ದಿದ್ದು ಓದಿದಾಗ್ಲೂ ನಕ್ಕೆ. ಹೋಗ್ಲಿ, ಚಂದ ಐತಿ ಅಂತ ಸುಮ್ನಾದೆ."

ಚಂದ ಐತಿ ಅಂತ ಅವಳು ಸುಮ್ಮನಾದಳು. ಚಂದ ಐತಿ ಅಂತ ನಾನು ಬೂದಿ ಚೆಲ್ಲಲಿಲ್ಲ. ಮೋರಿನ್ ಬಿದ್ದದ್ದು ಇವೆರಡರ ನಡುವೆ.

ಅಕ್ಕನ ನೆನಪೇ ಸರಿ ಎಂದು ಹೇಗೆ ಹೇಳಲಿ? ಗೊತ್ತಿಲ್ಲ. ಕೇಳೋಣವೆಂದರೆ ಅವ್ವ ಇಲ್ಲ. ಆದರೆ ಚಂಬು ಮಾತ್ರ ನಿಜ. ಅಕ್ಕ ಹೇಳಿದ ಕೂಡಲೇ ಅದರ ಬಾಯಿಯ ತಗ್ಗು ಕಣ್ಣಿಗೆ ಬಂತು. (ಅದನ್ನೂ ಈಗ ತಾನೇ ಕಟ್ಟಿಕೊಂಡೆನೋ ಏನೋ.)

ಮೋರಿನ್ ಮನೆಗೆ ವಾಪಸ್ ಬರಲಿಲ್ಲ. ಆಪರೇಷನ್ ಆದ ಮೇಲೆ ಅವಳನ್ನು ವೃದ್ಧರ ಮನೆಯೊಂದಕ್ಕೆ ಸೇರಿಸಿದರು. ಇನ್ನು ನಡೆಯುವುದು ಕಷ್ಟವಂತೆ. ಅವಳ ತಂಗಿಯ ಮಗಳು ಬಂದು ಮನೆಗೆ ಬೀಗ ಹಾಕಿದಳು. ಕೋಳಿಗಳನ್ನು ನನಗೆ ಒಪ್ಪಿಸಿ, "ನಿಮ್ಮಂಥ ನೆರೆಯವರು ಸಿಗುವುದಿಲ್ಲ" ಅಂದಳು. ಈಗ ನನ್ನ ಬೆಳಗು ಹೀಗೆ: ಬೂದಿ ತೆಗೆಯುವುದು, ಒಲೆ ಹೊತ್ತಿಸುವುದು, ಎದುರು ಮನೆಯ ಗೂಡು ತೆರೆಯುವುದು, ಆರು ಕೋಳಿಗಳಿಗೆ ಕಾಳು ಹಾಕುವುದು. ಮೆಟ್ಟಿಲು ಒಣಗಿಯೇ ಇರುತ್ತದೆ.

"ಹೇಳಿಬಿಡ್ಲಾ?" ಅಂತ ಮಂಜುನಾಥನನ್ನು ಕೇಳಿದೆ.

"ಅವತ್ತೇ ಹೇಳಬೇಕಿತ್ತು," ಅಂದ. ಶೂ ಬಿಚ್ಚಿ ಬಾಗಿಲ ಪಕ್ಕ ಇಟ್ಟ. "ಈಗ ಹೇಳಿದ್ರೆ ನಿನಗೆ ಹಗುರಾಗುತ್ತೆ. ಆ ಅಜ್ಜಿಗೇನು?"

ಹೋದ ವಾರ ಫ್ಲಾಸ್ಕಿನಲ್ಲಿ ಚಹಾ ತೆಗೆದುಕೊಂಡು ಹೋದೆ. ಮೋರಿನ್ ಕಿಟಕಿಯ ಪಕ್ಕ ಕುರ್ಚಿಯಲ್ಲಿದ್ದಳು. ಅರ್ಧಕ್ಕರ್ಧ ಇಳಿದುಹೋಗಿದ್ದಳು. ಕೋಳಿಗಳನ್ನು ಒಂದೊಂದಾಗಿ ವಿಚಾರಿಸಿದಳು. ಆಮೇಲೆ, "ಮೆಟ್ಲಿಗಿ ನೀರು ಹಾಕ್ತಿಯಿಲ್ಲ?" ಅಂದಳು.

"ಹಾಕ್ತೀನಿ," ಅಂದೆ.

"ಬಿಡಬ್ಯಾಡ. ನಿಮ್ಮವ್ವ ಮಾಡಿದ್ದು."

ಈಗಲೇ ಹೇಳಬೇಕು ಅನ್ನಿಸಿತು. ಕಪ್ಪಿಗೆ ಚಹಾ ಸುರಿಯುತ್ತಾ, "ಮೋರಿನ್, ಅವತ್ತು ಆ ಮೆಟ್ಟಿಲು..." ಅಂದೆ.

ಅವಳು ಕೈ ಅಡ್ಡ ಹಿಡಿದಳು. "ಸಾಕು."

ಹೇಳಿದ್ದು ಚಹಾಕ್ಕೆ. ಅವಳಿಗೆ ಗೊತ್ತಿರುವ ಒಂದೇ ಕನ್ನಡ ಪದ, ಅದರ ಒಂದೇ ಅರ್ಥ. ನಾನು ನನ್ನ ಮಾತಿಗೆ ಅಂದುಕೊಂಡು ನಿಲ್ಲಿಸಿದೆ. (ಅಂದುಕೊಳ್ಳಲಿಲ್ಲ. ಹಾಗೆ ಅಂದುಕೊಂಡರೆ ಅನುಕೂಲವಾಗುತ್ತಿತ್ತು.)

ಮನೆಗೆ ಬಂದು ಇದನ್ನು ಬರೆಯಲು ಕೂತೆ. ಎಲ್ಲವನ್ನೂ ಹೇಳಿದ್ದೇನೆ, ಅವ್ವನ ಚಂಬು, ಗೌರಮ್ಮನ ಬಕೆಟ್, ಚೆಲ್ಲದೆ ಉಳಿದ ಬೂದಿ. ನಿಮಗೆ ಹೇಳಿದ್ದೇನೆ.

ಮೋರಿನ್‌ಗೆ ಓದಲು ಬಾರದ ಭಾಷೆಯಲ್ಲಿ ಬರೆದದ್ದಕ್ಕೆ ತಪ್ಪೊಪ್ಪಿಗೆ ಅನ್ನಬಹುದೇ?